ಎಂಟನೆಯ ತರಗತಿಯಿಂದ ಹಿಂದಕ್ಕೆ ಎಣಿಸಿ: ಪೆನ್ಸಿಲ್ವೇನಿಯಾದ ಮೆನೊನೈಟ್ ಮನೆಗಳಿಗೆ ಶಾಲೆಯ ಆಯ್ಕೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಮಗುವಿಗೆ ಆರು ವರ್ಷ ತುಂಬುವ ಹೊತ್ತಿಗೆ ಮೆನೊನೈಟ್ ಎಂಬ ಕ್ರೈಸ್ತ ಪಂಥದ ತಂದೆತಾಯಿಯ ಎದುರು ನಾಲ್ಕು ದಾರಿಗಳಿರುತ್ತವೆ. ಒಂದು, ತೆರಿಗೆಯ ಹಣದಲ್ಲಿ ನಡೆಯುವ ಸರ್ಕಾರಿ ಶಾಲೆ. ಇನ್ನೊಂದು, ತಮ್ಮ ಸಭೆಯವರೇ, ಅಂದರೆ ಚರ್ಚಿನವರೇ, ಹೊಲಗಳ ನಡುವೆ ಕಟ್ಟಿ ನಡೆಸುವ ಪುಟ್ಟ ಶಾಲೆ. ಮತ್ತೊಂದು, ಹನ್ನೆರಡನೆಯ ತರಗತಿಯವರೆಗೆ ಓದಿಸಿ ಕಾಲೇಜಿಗೆ ಕಳಿಸುವ ದೊಡ್ಡ ಮೆನೊನೈಟ್ ಶಾಲೆ. ಕೊನೆಯದು, ಮನೆಯಲ್ಲೇ ಓದಿಸುವುದು. ಮೊದಲು ಎಂಟು ವರ್ಷದವರೆಗೂ ಮಗುವನ್ನು ಮನೆಯಲ್ಲಿಟ್ಟುಕೊಂಡು ಯೋಚಿಸಲು ಕಾನೂನಿನಲ್ಲಿ ಅವಕಾಶವಿತ್ತು. 2020–21ರ ಶೈಕ್ಷಣಿಕ ವರ್ಷದಿಂದ ಕಡ್ಡಾಯ ಶಿಕ್ಷಣದ ಕೆಳಮಿತಿ 8ರಿಂದ 6ಕ್ಕೆ ಇಳಿದು ಮೇಲ್ಮಿತಿ 17ರಿಂದ 18ಕ್ಕೆ ಏರಿರುವುದರಿಂದ, ನಿರ್ಧಾರವನ್ನು ಬೇಗ ಮಾಡಬೇಕಾಗಿದೆ, ಮಾಡಿದ ನಿರ್ಧಾರದ ಪರಿಣಾಮವೂ ಹೆಚ್ಚು ವರ್ಷ ಉಳಿಯುತ್ತದೆ.

ಶಾಲೆಗಳನ್ನು ಹೋಲಿಸುವಾಗ ಶುಲ್ಕ, ಕಟ್ಟಡ, ಪರೀಕ್ಷೆಯ ಫಲಿತಾಂಶ ಇವುಗಳಿಂದ ಶುರುಮಾಡುವುದು ಎಲ್ಲ ಕಡೆಯ ರೂಢಿ. ಈ ನಾಲ್ಕರ ನಡುವೆ ಆರಿಸುವಾಗ ಆ ಕ್ರಮ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಮಗುವಿಗೆ ಹದಿನಾಲ್ಕೋ ಹದಿನೈದೋ ಆದಾಗ ಅದು ಎಲ್ಲಿರಬೇಕೆಂದು ಮನೆಯವರು ಮೊದಲು ನಿಶ್ಚಯಿಸಿಕೊಳ್ಳಬೇಕು: ಅಪ್ಪನ ಹಾಲಿನ ಕೊಟ್ಟಿಗೆಯಲ್ಲೋ, ಚಿಕ್ಕಪ್ಪನ ಮರಗೆಲಸದ ಅಂಗಡಿಯಲ್ಲೋ, ಹೈಸ್ಕೂಲಿನ ಪ್ರಯೋಗಾಲಯದಲ್ಲೋ. ಆ ಉತ್ತರದಿಂದ ಹಿಂದಕ್ಕೆ ಎಣಿಸುತ್ತ ಬಂದರೆ ಒಂದನೆಯ ತರಗತಿಗೆ ಯಾವ ಶಾಲೆ ಎಂಬುದು ಬಹುಮಟ್ಟಿಗೆ ತಾನಾಗಿ ತಿಳಿಯುತ್ತದೆ.

ಯಾವ ಮೆನೊನೈಟರು?

ಮೆನೊನೈಟರೆಂದರೆ ಕುದುರೆಗಾಡಿಯವರು ಎಂದು ಹೊರಗಿನವರು ತಿಳಿಯುವುದುಂಟು. ಅದು ಅರ್ಧ ಸತ್ಯವೂ ಅಲ್ಲ. 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಹುಟ್ಟಿದ ಅನಾಬ್ಯಾಪ್ಟಿಸ್ಟ್ ಪಂಥದ ಒಂದು ಕವಲು, 1536ರಲ್ಲಿ ಕ್ಯಾಥೊಲಿಕ್ ಪಾದ್ರಿಯ ಕೆಲಸ ತೊರೆದು ಬಂದ ಮೆನ್ನೊ ಸೈಮನ್ಸ್ ಎಂಬಾತನ ಹೆಸರು ಹೊತ್ತು ಬೆಳೆಯಿತು. ದೀಕ್ಷಾಸ್ನಾನವನ್ನು ಬುದ್ಧಿ ಬಲಿತ ಮೇಲೆ ಸ್ವಂತ ಇಚ್ಛೆಯಿಂದ ಪಡೆಯಬೇಕು, ಆಯುಧ ಹಿಡಿಯಬಾರದು, ಆಣೆ ಮಾಡಬಾರದು ಎಂಬ ನಂಬಿಕೆಗಳು ಎಲ್ಲ ಕವಲುಗಳಿಗೂ ಮೂಲ. 1683ರಲ್ಲಿ ಫಿಲಡೆಲ್ಫಿಯಾದ ಬಳಿಯ ಜರ್ಮನ್‌ಟೌನಿನಿಂದ ಆರಂಭವಾದ ಅವರ ಪೆನ್ಸಿಲ್ವೇನಿಯಾ ವಾಸದಲ್ಲಿ ಮುಂದೆ ಹಲವು ಒಡಕುಗಳಾದವು. 1927ರಲ್ಲಿ ಮೋಟಾರು ಕಾರಿನ ಪ್ರಶ್ನೆಯ ಮೇಲೆ ಬೇರೆಯಾದ ಗ್ರಾಫ್‌ಡೇಲ್ ಸಭೆಯವರು ಇಂದಿಗೂ ಕುದುರೆಗಾಡಿಯಲ್ಲಿ ಓಡಾಡುತ್ತಾರೆ, ಮನೆಯಲ್ಲಿ ಪೆನ್ಸಿಲ್ವೇನಿಯಾ ಜರ್ಮನ್ ಮಾತನಾಡುತ್ತಾರೆ. 1960ರ ದಶಕದ ಕೊನೆಯಲ್ಲಿ ಲ್ಯಾಂಕಾಸ್ಟರ್ ಕಾನ್ಫರೆನ್ಸ್ ಎಂಬ ಮೆನೊನೈಟ್ ಸಭೆಗಳ ಕೂಟದಿಂದ ಹೊರಬಂದ ಈಸ್ಟರ್ನ್ ಪೆನ್ಸಿಲ್ವೇನಿಯಾ ಸಭೆಯವರು ಕಾರು ಓಡಿಸುತ್ತಾರೆ, ಇಂಗ್ಲಿಷನ್ನೇ ಆಡುತ್ತಾರೆ, ಆದರೆ ಉಡುಪಿನಲ್ಲೂ ದೂರದರ್ಶನದ ವಿಷಯದಲ್ಲೂ ಕಟ್ಟುನಿಟ್ಟು. ಇವೆರಡಕ್ಕೂ ಸೇರದ, ನೋಡಲು ಅಕ್ಕಪಕ್ಕದವರಂತೆಯೇ ಇರುವ ವೈದ್ಯರು, ಶಿಕ್ಷಕರು, ವ್ಯಾಪಾರಿಗಳು ಮೂರನೆಯ ಗುಂಪು. ಈ ಬರಹದಲ್ಲಿ ಹೆಚ್ಚು ಮಾತು ನಡುವಿನ ಗುಂಪಿನ ಬಗ್ಗೆ, ಏಕೆಂದರೆ ನಿಜವಾಗಿ ತೂಗಿ ನೋಡಬೇಕಾದ ಸ್ಥಿತಿ ಅವರದು. ಮೊದಲನೆಯ ಗುಂಪಿಗೆ ಸಭೆಯ ಶಾಲೆ ಪ್ರಶ್ನೆಯೇ ಅಲ್ಲದ ಉತ್ತರ.

ಮೆನೊನೈಟರು ಭಾರತಕ್ಕೂ ಹೊಸಬರಲ್ಲ. ನಮ್ಮ ರಾಯಚೂರಿಗೆ ತಾಗಿಕೊಂಡಿರುವ ತೆಲಂಗಾಣದ ಹಳೆಯ ಮಹಬೂಬನಗರ ಜಿಲ್ಲೆಯಲ್ಲಿ ಮೆನೊನೈಟ್ ಬ್ರದರನ್ ಸಭೆ ಬಹುಕಾಲದಿಂದ ಇದೆ. ಆದರೆ ಲೋಕದಿಂದ ದೂರ ನಿಂತು ತಮ್ಮ ಮಕ್ಕಳಿಗಷ್ಟೇ ಶಾಲೆ ನಡೆಸುವ ಪದ್ಧತಿ ಅಲ್ಲಿನದಲ್ಲ. ಅದು ಉತ್ತರ ಅಮೆರಿಕದ ಚರಿತ್ರೆಯಿಂದ ಬಂದದ್ದು.

ಶಾಲೆಗಾಗಿ ಊರು ಬಿಟ್ಟವರು

ಆ ಚರಿತ್ರೆಯನ್ನು ಸ್ವಲ್ಪ ತಿಳಿಯದೆ ಹೋಲಿಕೆ ಅರ್ಥವಾಗುವುದಿಲ್ಲ. ಕೆನಡಾದ ಮ್ಯಾನಿಟೋಬಾದಲ್ಲಿ 1916ರಲ್ಲಿ ಇಂಗ್ಲಿಷ್ ಮಾಧ್ಯಮವನ್ನೂ ಶಾಲಾ ಹಾಜರಿಯನ್ನೂ ಕಡ್ಡಾಯ ಮಾಡಿದಾಗ, ತಮ್ಮ ಜರ್ಮನ್ ಶಾಲೆಗಳನ್ನು ಬಿಡಲೊಲ್ಲದ ಸಾವಿರಾರು ಮೆನೊನೈಟರು 1922ರಿಂದ ಗುಂಪುಗುಂಪಾಗಿ ಮೆಕ್ಸಿಕೊಕ್ಕೆ ಹೊರಟರು. ಅಲ್ಲಿನ ಅಧ್ಯಕ್ಷ ಆಲ್ವಾರೊ ಒಬ್ರೆಗೊನ್ 1921ರಲ್ಲೇ ಅವರಿಗೆ ಸ್ವಂತ ಶಾಲೆ ನಡೆಸುವ ಹಕ್ಕನ್ನು ಲಿಖಿತವಾಗಿ ಕೊಟ್ಟಿದ್ದರು. ಅಮೆರಿಕದ ಡೆಲವೇರ್ ರಾಜ್ಯದ ಗ್ರೀನ್‌ವುಡ್‌ನಲ್ಲಿ ಕಾರಣ ಬೇರೆ: ಧ್ವಜವಂದನೆ ಮಾಡಲೊಪ್ಪದ ಮಕ್ಕಳನ್ನು ಸರ್ಕಾರಿ ಶಾಲೆ ಮನೆಗೆ ಕಳಿಸಿದ್ದರಿಂದ ಸಭೆಯವರು 1928ರಲ್ಲಿ ತಮ್ಮದೇ ಪುಟ್ಟ ಶಾಲೆ ತೆರೆದರು. ಲ್ಯಾಂಕಾಸ್ಟರಿನಲ್ಲಿ ಜಗಳ ಹತ್ತಿದ್ದು 1937ರಲ್ಲಿ, ಈಸ್ಟ್ ಲ್ಯಾಂಪೀಟರ್‌ನ ಒಂದು ಕೋಣೆಯ ಹಳ್ಳಿ ಶಾಲೆಗಳನ್ನು ಮುಚ್ಚಿ ದೊಡ್ಡ ಕಟ್ಟಡವೊಂದಕ್ಕೆ ಒಟ್ಟುಗೂಡಿಸಲು ಹೊರಟಾಗ. ನಡೆದು ಹೋಗುವ ದೂರದ ಶಾಲೆ ಹೋಗಿ ಬಸ್ಸಿನಲ್ಲಿ ಹೋಗುವ ಶಾಲೆ ಬಂದರೆ, ಶಾಲೆ ಊರಿನವರ ಕೈತಪ್ಪುತ್ತದೆ ಎಂದು ಮೆನೊನೈಟರಂತೆಯೇ ಅನಾಬ್ಯಾಪ್ಟಿಸ್ಟ್ ಮೂಲದ ಆಮಿಶರೂ, ಕುದುರೆಗಾಡಿಯ ಗುಂಪಿನಂಥ ಹಳೆಯ ಕಟ್ಟಿನ (ಓಲ್ಡ್ ಆರ್ಡರ್) ಮೆನೊನೈಟರೂ ಒಂದಾಗಿ ವಿರೋಧಿಸಿದರು.

1963ರ ಜೂನ್ 17ರಂದು ಬಂದ ಅಬಿಂಗ್ಟನ್ ತೀರ್ಪು ಉಳಿದ ಹಲವರನ್ನೂ ಅದೇ ದಿಕ್ಕಿಗೆ ತಿರುಗಿಸಿತು. ಪೆನ್ಸಿಲ್ವೇನಿಯಾದ ಸರ್ಕಾರಿ ಶಾಲೆಗಳಲ್ಲಿ ದಿನದ ಆರಂಭಕ್ಕೆ ಬೈಬಲಿನ ಹತ್ತು ವಚನ ಓದುವ ಪದ್ಧತಿ ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು ಹೇಳಿತು. ಕಾನೂನಿನ ದೃಷ್ಟಿಯಿಂದ ತೀರ್ಪು ಸರಿಯಾದದ್ದೇ; ಶಾಲೆಯಲ್ಲಿ ಬೇರೆ ಬೇರೆ ಮತದ ಮಕ್ಕಳಿರುತ್ತಾರೆ. ಆದರೆ ಸರ್ಕಾರಿ ಶಾಲೆಯನ್ನು ಅಲ್ಲಿಯವರೆಗೆ ನಮ್ಮದೇ ಎನ್ನುತ್ತಿದ್ದ ಗ್ರಾಮೀಣ ಮೆನೊನೈಟರಿಗೆ ಅಂದಿನಿಂದ ಅದು ಪರರ ಮನೆಯಂತಾಯಿತು.

ಕೊನೆಯ ತರಗತಿ ಯಾವುದು

ಹಳೆಯ ಕಟ್ಟಿನ ಒಂದು ಕೋಣೆಯ ಶಾಲೆ ಎಂಟನೆಯ ತರಗತಿಗೆ ಮುಗಿಯುತ್ತದೆ. ಸಂಪ್ರದಾಯಸ್ಥ ಸಭೆಗಳ ಶಾಲೆಗಳಲ್ಲಿ ಕೆಲವು ಎಂಟಕ್ಕೆ, ಕೆಲವು ಹತ್ತಕ್ಕೆ, ಕೆಲವು ಹನ್ನೆರಡಕ್ಕೆ ನಿಲ್ಲುತ್ತವೆ. 1942ರಲ್ಲಿ ತೆರೆದ ಲ್ಯಾಂಕಾಸ್ಟರ್ ಮೆನೊನೈಟ್ ಶಾಲೆಯಂಥವು ಹನ್ನೆರಡನೆಯದನ್ನು ಮುಗಿಸಿ, ವರ್ಜೀನಿಯಾದ ಹ್ಯಾರಿಸನ್‌ಬರ್ಗಿನಲ್ಲೋ ಇಂಡಿಯಾನಾದ ಗೋಶೆನ್ನಿನಲ್ಲೋ ಇರುವ ಮೆನೊನೈಟ್ ಕಾಲೇಜುಗಳಿಗೆ, ಇಲ್ಲವೇ ಯಾವುದೇ ವಿಶ್ವವಿದ್ಯಾಲಯಕ್ಕೆ ದಾರಿ ಮಾಡಿಕೊಡುತ್ತವೆ.

ಎಂಟನೆಯದಕ್ಕೆ ನಿಲ್ಲಿಸುವುದಕ್ಕೆ ಕಾನೂನಿನ ಬೆಂಬಲ ಎಷ್ಟು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕು, ಏಕೆಂದರೆ ಇಲ್ಲಿ ಗಾಳಿಮಾತು ಬಹಳ. ವಿಸ್ಕಾನ್ಸಿನ್ ರಾಜ್ಯದ ನ್ಯೂ ಗ್ಲಾರಸ್‌ನಲ್ಲಿ ಮೂವರು ತಂದೆಯರು ಎಂಟನೆಯ ತರಗತಿ ಮುಗಿಸಿದ ತಮ್ಮ ಮಕ್ಕಳನ್ನು ಹೈಸ್ಕೂಲಿಗೆ ಕಳಿಸಲಿಲ್ಲ. ತಲಾ ಐದು ಡಾಲರ್ ದಂಡ ಬಿತ್ತು. ಇಬ್ಬರು ಆಮಿಶರು, ಒಬ್ಬರು ಸಂಪ್ರದಾಯಸ್ಥ ಆಮಿಶ್ ಮೆನೊನೈಟ್ ಸಭೆಯವರು. 1972ರ ಮೇ 15ರಂದು ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಬರೆದ ಆ ತೀರ್ಪು ಮೂರು ಶತಮಾನಗಳ ಬದುಕಿನ ಕ್ರಮವನ್ನೂ, ಶಾಲೆ ಬಿಟ್ಟ ಮಕ್ಕಳಿಗೆ ಸಮುದಾಯವೇ ಕೊಡುವ ಕಸುಬಿನ ಶಿಕ್ಷಣವನ್ನೂ ಆಧಾರವಾಗಿಟ್ಟುಕೊಂಡಿತೇ ಹೊರತು, ಶಾಲೆ ಇಷ್ಟವಿಲ್ಲ ಎನ್ನುವ ಎಲ್ಲರಿಗೂ ಬಾಗಿಲು ತೆರೆಯಲಿಲ್ಲ. ಮೊಬೈಲು, ಕಾರು, ಸ್ವಂತ ಉದ್ಯಮ ಎಲ್ಲವೂ ಇರುವ ಮೆನೊನೈಟ್ ಕುಟುಂಬವೊಂದು ಇದನ್ನೇ ನೆಚ್ಚಿಕೊಂಡು ಮಗನನ್ನು ಹದಿನಾಲ್ಕಕ್ಕೆ ಬಿಡಿಸಿದರೆ ನೆಲ ಅಷ್ಟೇನೂ ಗಟ್ಟಿಯಿಲ್ಲ.

ಪೆನ್ಸಿಲ್ವೇನಿಯಾದಲ್ಲಿ ದೈನಂದಿನ ಬಳಕೆಗೆ ಬರುವುದು ಆ ತೀರ್ಪಿಗಿಂತ ರಾಜ್ಯದ ಶಾಲಾ ಕಾನೂನಿನ ವಿನಾಯಿತಿ. ಹದಿನೈದು ತುಂಬಿದ ಮಗು, ಅಥವಾ ಪ್ರಾಥಮಿಕ ಶಾಲೆಯ ಕೊನೆಯ ತರಗತಿ ಮುಟ್ಟಿದ ಹದಿನಾಲ್ಕರ ಮಗು, ಪರವಾನಗಿ ಪಡೆದು ಹೊಲದ ಅಥವಾ ಮನೆಗೆಲಸದಲ್ಲಿ ತೊಡಗಿದ್ದರೆ ಹಾಜರಿಯ ಕಡ್ಡಾಯ ಅದಕ್ಕೆ ಅನ್ವಯಿಸುವುದಿಲ್ಲ. ಇದರ ಜೊತೆಗೆ 1955ರ ಹೊಂದಾಣಿಕೆಯೊಂದಿದೆ: ಅಂಥ ಮಕ್ಕಳು ವಾರಕ್ಕೆ ಮೂರು ಗಂಟೆ ಶಿಕ್ಷಕರ ಬಳಿ ಕುಳಿತು, ಉಳಿದ ದಿನಗಳಲ್ಲಿ ಮನೆಯಲ್ಲಿ ಮಾಡಿದ ಕೆಲಸವನ್ನು ದಿನಚರಿಯಾಗಿ ಬರೆದು ಒಪ್ಪಿಸುತ್ತಾರೆ. ಎಷ್ಟು ಹಸು ಕರೆದೆ, ಯಾವ ಗದ್ದೆಗೆ ಗೊಬ್ಬರ ಹಾಕಿದೆ, ಎಷ್ಟು ಬಾಟಲಿ ಪೀಚ್ ಹಣ್ಣು ತುಂಬಿಸಿಟ್ಟೆ ಎಂಬಂಥ ಬರಹ ಅದು. ಹೊಲ ಕಡಿಮೆಯಾಗಿ ಮರಗೆಲಸದ ಕಾರ್ಖಾನೆಗಳು ಹೆಚ್ಚಿದ ಮೇಲೆ ಬಾಲಕಾರ್ಮಿಕ ಕಾನೂನು ಅಡ್ಡಬಂತು. 2004ರಲ್ಲಿ ಒಕ್ಕೂಟ ಸರ್ಕಾರದ ಕಾನೂನನ್ನು ತಿದ್ದಿ, ಎಂಟನೆಯದರ ನಂತರ ಹಾಜರಿಯಿಂದ ವಿನಾಯಿತಿ ಪಡೆದ ಸಮುದಾಯಗಳ 14ರಿಂದ 18ರ ಮಕ್ಕಳು ಹಿರಿಯರ ಕಣ್ಣೆದುರಿಗೆ, ಯಂತ್ರ ಮುಟ್ಟದೆ, ಅಲ್ಲಿ ಕೆಲಸ ಮಾಡಬಹುದೆಂದು ಮಾಡಿದರು.

ಇಷ್ಟರಿಂದ ತಿಳಿಯುವುದೇನೆಂದರೆ, ಎಂಟಕ್ಕೆ ನಿಲ್ಲುವ ಶಾಲೆ ಸಾರ್ಥಕವಾಗುವುದು ಮುಂದಿನ ನಾಲ್ಕು ವರ್ಷ ಮಗುವಿಗೆ ಕೆಲಸ ಕಲಿಸುವ ಮನೆ ಇದ್ದಾಗ ಮಾತ್ರ. ಹೊಲವೂ ಅಂಗಡಿಯೂ ಇಲ್ಲದೆ, ತಂದೆ ದೂರದ ಊರಿಗೆ ಕಟ್ಟಡದ ಕೆಲಸಕ್ಕೆ ಹೋಗುವ ಮನೆಗೆ ಅಂಥ ಶಾಲೆ ಅರ್ಧ ವ್ಯವಸ್ಥೆ. ಅವರು ಕನಿಷ್ಠ ಹತ್ತನೆಯವರೆಗಾದರೂ ಇರುವ ಶಾಲೆಯನ್ನು ಹುಡುಕಬೇಕು. ಮಗಳಿಗೆ ದಾದಿಯಾಗುವ ಆಸೆ ಹುಟ್ಟಬಹುದು ಎಂಬ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನರ್ಸಿಂಗ್ ಕಾಲೇಜು ಹೈಸ್ಕೂಲಿನ ಡಿಪ್ಲೊಮಾ ಅಥವಾ ಅದಕ್ಕೆ ಸಮನಾದ ಜಿಇಡಿ ಪರೀಕ್ಷೆಯನ್ನು ಕೇಳುತ್ತದೆ.

ಪಾಠಪುಸ್ತಕದ ಪೆಟ್ಟಿಗೆ ಬಿಚ್ಚಿ ನೋಡಿ

ಸಭೆಯ ಶಾಲೆಗಳೆಲ್ಲ ಒಂದೇ ತರಹ ಕಾಣುತ್ತವೆ, ಆದರೆ ಬಳಸುವ ಪುಸ್ತಕಮಾಲೆ ನೋಡಿದರೆ ಒಳಗಿನ ದಿನ ಹೇಗಿರುತ್ತದೆ ಎಂದು ಬಹಳಷ್ಟು ಊಹಿಸಬಹುದು. ಕೆಂಟಕಿಯ ಕ್ರಾಕೆಟ್ ಊರಿನ ರಾಡ್ ಅಂಡ್ ಸ್ಟಾಫ್ ಪ್ರಕಾಶನದ ಪುಸ್ತಕಗಳು ಶಿಕ್ಷಕ ನಿಂತು ಪಾಠ ಮಾಡಲೆಂದೇ ಬರೆದವು. ಅವುಗಳ ಇಂಗ್ಲಿಷ್ ವ್ಯಾಕರಣ ಬಲು ಗಟ್ಟಿ. ಮಕ್ಕಳು ಒಂದೊಂದು ವಾಕ್ಯವನ್ನೂ ಅಡ್ಡಗೆರೆ, ಓರೆಗೆರೆಗಳ ಮೇಲೆ ಬಿಡಿಸಿ, ಕರ್ತೃ ಎಲ್ಲಿ, ಕ್ರಿಯೆ ಎಲ್ಲಿ, ವಿಶೇಷಣ ಯಾವುದಕ್ಕೆ ಅಂಟಿದೆ ಎಂದು ತೋರಿಸಬೇಕು. ನಮ್ಮಲ್ಲಿ ಅನ್ವಯ ಬಿಡಿಸಿ ಸಂಸ್ಕೃತ ಓದಿದವರಿಗೆ ಇದರ ಶಿಸ್ತು ಕೂಡಲೇ ಅರ್ಥವಾದೀತು. ಲೆಕ್ಕದ ಉದಾಹರಣೆಗಳಲ್ಲಿ ಹೊಲ, ಹಾಲು, ಮೊಟ್ಟೆ. ವಿಜ್ಞಾನ ಬೈಬಲಿನ ಸೃಷ್ಟಿಯ ಚೌಕಟ್ಟಿನೊಳಗೆ.

ಹ್ಯಾರಿಸನ್‌ಬರ್ಗಿನ ಕ್ರಿಶ್ಚಿಯನ್ ಲೈಟ್ ಸಂಸ್ಥೆಯದು ಬೇರೆ ದಾರಿ. ಒಂದು ವಿಷಯಕ್ಕೆ ವರ್ಷಕ್ಕೆ ಹತ್ತು ತೆಳುವಾದ ಅಭ್ಯಾಸಪುಸ್ತಕಗಳು. ಮಗು ಅದರಲ್ಲೇ ಓದಿ ಅದರಲ್ಲೇ ಬರೆಯುತ್ತದೆ. ಇನ್ನೂ ಆಚೆಗೆ ಹೋದರೆ, 1970ರಲ್ಲಿ ಟೆಕ್ಸಾಸ್‌ನಲ್ಲಿ ಆರಂಭವಾದ ಎಸಿಇ (ಆಕ್ಸಿಲರೇಟೆಡ್ ಕ್ರಿಶ್ಚಿಯನ್ ಎಜುಕೇಷನ್) ಪದ್ಧತಿ. ಇದು ಮೆನೊನೈಟರದ್ದಲ್ಲದಿದ್ದರೂ ಕೆಲವು ಸಭೆಗಳು ಬಳಸಿವೆ. ವಿಷಯಕ್ಕೆ ವರ್ಷಕ್ಕೆ ಹನ್ನೆರಡು ಪುಸ್ತಿಕೆಗಳು. ಮಕ್ಕಳು ಗೋಡೆಗೆ ಮುಖ ಮಾಡಿ, ಎರಡೂ ಕಡೆ ಹಲಗೆ ಅಡ್ಡವಿರುವ ಮೇಜಿನಲ್ಲಿ ತಮ್ಮಷ್ಟಕ್ಕೆ ಕೂತಿರುತ್ತಾರೆ. ಸಂದೇಹ ಬಂದರೆ ಸಣ್ಣ ಧ್ವಜವೊಂದನ್ನು ಮೇಲೆ ಸಿಕ್ಕಿಸುತ್ತಾರೆ, ಮೇಲ್ವಿಚಾರಕರು ಬರುತ್ತಾರೆ. ಅನುಭವವಿರುವ ಶಿಕ್ಷಕರು ಸಿಗದ ಸಣ್ಣ ಸಭೆಗೆ ಇದು ಅನುಕೂಲ, ಏಕೆಂದರೆ ಪಾಠದ ಭಾರವನ್ನು ಪುಸ್ತಕವೇ ಹೊರುತ್ತದೆ. ಆದರೆ ಮಾತಾಡಿ, ಕೇಳಿ, ವಾದಿಸಿ ಕಲಿಯುವ ಮಗುವಿಗೆ ದಿನವೆಲ್ಲ ಆ ಹಲಗೆಯ ನಡುವೆ ಕೂರುವುದು ಶಿಕ್ಷೆಯಾಗುತ್ತದೆ. ಸಮರ್ಥ ಶಿಕ್ಷಕರಿದ್ದರೆ ರಾಡ್ ಅಂಡ್ ಸ್ಟಾಫ್ ಬಳಸುವ ಶಾಲೆಯನ್ನೂ, ಶಿಕ್ಷಕರು ವರ್ಷವರ್ಷ ಬದಲಾಗುವಂತಿದ್ದರೆ ಕ್ರಿಶ್ಚಿಯನ್ ಲೈಟ್ ಬಳಸುವ ಶಾಲೆಯನ್ನೂ ನಾನು ಮೇಲೆಂದು ಹೇಳುತ್ತೇನೆ. ಎಸಿಇ ಪದ್ಧತಿ ಬೇರೆ ಗತಿಯಿಲ್ಲದಿದ್ದಾಗ.

ಹಳೆಯ ಕಟ್ಟಿನ ಶಾಲೆಗಳಲ್ಲಿ ಕೆನಡಾದ ಆಂಟೇರಿಯೊ ಪ್ರಾಂತ್ಯದ ಐಲ್ಮರ್‌ನಿಂದ ಬರುವ ಪಾತ್‌ವೇ ಪ್ರಕಾಶನದ ಓದುಪುಸ್ತಕಗಳು ಹೆಚ್ಚು. ಅವು ಕತೆಗಳ ಮೂಲಕ ನಡತೆ ಕಲಿಸುವಂಥವು, ಭಾಷೆಯೂ ಸರಳವಾಗಿ ಚೆನ್ನಾಗಿದೆ.

ಸರ್ಕಾರಿ ಶಾಲೆಯ ಪಠ್ಯ ಇವೆಲ್ಲಕ್ಕಿಂತ ಅಗಲ. ಪ್ರಯೋಗಾಲಯ, ಸಂಗೀತದ ವಾದ್ಯಗಳು, ಎರಡನೆಯ ಭಾಷೆ, ಮೇಲಿನ ತರಗತಿಯಲ್ಲಿ ಕಲನಶಾಸ್ತ್ರದವರೆಗಿನ ಗಣಿತ ಅಲ್ಲಿ ಸಿಗುತ್ತವೆ. ಮೂವತ್ತು ಮಕ್ಕಳ ಸಭೆಯ ಶಾಲೆ ಅದರ ಸಮಕ್ಕೆ ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಓದು, ಕಾಗುಣಿತ, ಅಂದವಾದ ಕೈಬರಹ, ಬಾಯಿಲೆಕ್ಕ, ಗುಂಪಿನಲ್ಲಿ ನಾಲ್ಕು ಧ್ವನಿಗಳಲ್ಲಿ ಹಾಡುವುದು, ಇವುಗಳಲ್ಲಿ ಒಳ್ಳೆಯ ಸಭೆಯ ಶಾಲೆ ಹಿಂದೆ ಬೀಳುವುದಿಲ್ಲ. ಕೆಲವೊಮ್ಮೆ ಮುಂದೆಯೇ ಇರುತ್ತದೆ.

ಪಾಠ ಮಾಡುವವರು

ಪೆನ್ಸಿಲ್ವೇನಿಯಾದ ಕಾನೂನು ಧಾರ್ಮಿಕ ಶಾಲೆಗಳಿಂದ ಸರ್ಕಾರದ ಪರವಾನಗಿಯನ್ನಾಗಲಿ, ಶಿಕ್ಷಕರಿಗೆ ಅರ್ಹತಾ ಪತ್ರವನ್ನಾಗಲಿ ಕೇಳುವುದಿಲ್ಲ. ವರ್ಷಕ್ಕೆ 180 ದಿನ, ಅಥವಾ ಪ್ರಾಥಮಿಕ ಹಂತದಲ್ಲಿ 900, ಪ್ರೌಢ ಹಂತದಲ್ಲಿ 990 ಗಂಟೆಗಳ ಪಾಠ ನಡೆಯಬೇಕು, ನಿಗದಿಯಾದ ವಿಷಯಗಳನ್ನು ಇಂಗ್ಲಿಷಿನಲ್ಲಿ ಕಲಿಸಬೇಕು, ಹಾಗೆಂದು ಬರೆದುಕೊಡಬೇಕು, ಅಷ್ಟೇ. ಹಾಗಾಗಿ ಸಭೆಯ ಶಾಲೆಯ ಗುಣ ಪೂರ್ತಿಯಾಗಿ ಒಬ್ಬಿಬ್ಬರು ಶಿಕ್ಷಕರ ಮೇಲೆ ನಿಂತಿರುತ್ತದೆ. ಹೆಚ್ಚಿನ ಕಡೆ ಅವರು ಅದೇ ಸಭೆಯ, ಮದುವೆಯಾಗದ ಇಪ್ಪತ್ತರ ಆಸುಪಾಸಿನ ಹೆಣ್ಣುಮಕ್ಕಳು. ಸಂಬಳ ಕಡಿಮೆ, ಮದುವೆಯಾದೊಡನೆ ಕೆಲಸ ಬಿಡುತ್ತಾರೆ. ಮಕ್ಕಳ ಮೇಲಿನ ಅಕ್ಕರೆಗೆ ಕೊರತೆಯಿಲ್ಲ, ಅನುಭವಕ್ಕೆ ಇದೆ. ಶಾಲೆಯ ಆಡಳಿತ ಮಂಡಳಿಯಲ್ಲಿ ಕೂರುವ ತಂದೆಯರು ಶಿಕ್ಷಕರನ್ನು ಬೇಸಿಗೆಯ ತರಬೇತಿಗೆ ಕಳಿಸುತ್ತಾರೆಯೇ ಎಂದು ಕೇಳಿ. ಪಶ್ಚಿಮ ಪೆನ್ಸಿಲ್ವೇನಿಯಾದ ಗೈಸ್ ಮಿಲ್ಸ್‌ನಲ್ಲಿರುವ ಫೇತ್ ಬಿಲ್ಡರ್ಸ್ ಇಂಥ ಶಾಲೆಗಳ ಶಿಕ್ಷಕರನ್ನು ತಯಾರು ಮಾಡುತ್ತದೆ. ಕಳಿಸುವ ಮಂಡಳಿಯೂ ಕಳಿಸದ ಮಂಡಳಿಯೂ ಬೇರೆ ಬೇರೆ ಜಾತಿಯವು.

ಒಂದೇ ಕೋಣೆಯಲ್ಲಿ ಎಂಟು ತರಗತಿ ಎಂದರೆ ನಮ್ಮ ಓದುಗರು ಗಾಬರಿಯಾಗಬೇಕಿಲ್ಲ. ಏಕೋಪಾಧ್ಯಾಯ ಶಾಲೆಯಲ್ಲಿ ಓದಿದವರು, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯನ್ನು ಕಂಡವರು, ಬೇರೆ ಬೇರೆ ಹಂತದ ಮಕ್ಕಳು ಒಟ್ಟಿಗೆ ಕಲಿಯುವುದನ್ನು ಬಲ್ಲರು. ಇಲ್ಲಿ ಕ್ರಮ ಹೀಗೆ: ಟೀಚರು ಮೂರನೆಯ ತರಗತಿಯ ನಾಲ್ವರನ್ನು ಮುಂದಿನ ಬೆಂಚಿಗೆ ಕರೆಯುತ್ತಾರೆ, ಹತ್ತು ನಿಮಿಷ ಓದಿಸಿ, ಪ್ರಶ್ನೆ ಕೇಳಿ, ಕೆಲಸ ಕೊಟ್ಟು ಕಳಿಸುತ್ತಾರೆ, ಆಮೇಲೆ ನಾಲ್ಕನೆಯವರ ಸರದಿ. ಆ ಹೊತ್ತಿನಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಹಿಂದಿನ ಮೂಲೆಯಲ್ಲಿ ಒಂದನೆಯವರಿಗೆ ಮಗ್ಗಿಯ ಕಾರ್ಡು ತೋರಿಸುತ್ತಿರುತ್ತಾಳೆ. ಚಿಕ್ಕವರು ದೊಡ್ಡವರ ಪಾಠವನ್ನು ಕಿವಿಯಲ್ಲಿ ಕೇಳುತ್ತಲೇ ಬೆಳೆಯುತ್ತಾರೆ. ತೊಂದರೆ ಬರುವುದು ಒಂದು ತರಗತಿಯಲ್ಲಿ ಒಬ್ಬನೇ ಮಗು ಇದ್ದಾಗ. ನಿಮ್ಮ ಮಗನ ಓರಗೆಯವರು ಎಷ್ಟು ಜನ ಎಂದು ಎಣಿಸದೆ ಸೇರಿಸಬೇಡಿ.

ಮೆನೊನೈಟರಿಗೆ ಒಳ್ಳೆಯ ಶಿಕ್ಷಕನ ಒಂದು ಹಳೆಯ ಮಾದರಿ ಇದೆ. ಹದಿನೆಂಟನೆಯ ಶತಮಾನದಲ್ಲಿ ಸ್ಕಿಪ್ಯಾಕ್ ಮತ್ತು ಸಾಲ್‌ಫರ್ಡ್ ಎಂಬೆರಡು ಊರುಗಳ ಶಾಲೆಗಳಲ್ಲಿ ವಾರಕ್ಕೆ ಮೂರು ಮೂರು ದಿನ ಪಾಠ ಹೇಳುತ್ತಿದ್ದ ಕ್ರಿಸ್ಟೋಫರ್ ಡಾಕ್, ಒಂದು ಶಾಲೆಯ ಮಕ್ಕಳಿಂದ ಇನ್ನೊಂದು ಶಾಲೆಯ ಮಕ್ಕಳಿಗೆ ಪತ್ರ ಬರೆಸಿ ತಾನೇ ಹೊತ್ತೊಯ್ದು ತಲುಪಿಸುತ್ತಿದ್ದ. ಚೆನ್ನಾಗಿ ಕಲಿತ ಮಗುವಿಗೆ ಹೂವನ್ನೋ ಹಕ್ಕಿಯನ್ನೋ ಚಿತ್ರಿಸಿ ಬಹುಮಾನ ಕೊಡುತ್ತಿದ್ದ. ಬೆತ್ತಕ್ಕಿಂತ ಪ್ರೀತಿಗೆ ಹೆಚ್ಚು ಬೆಲೆ ಕೊಟ್ಟ ಅವನ ಬೋಧನಾ ಕ್ರಮದ ಬರಹ 1770ರಲ್ಲಿ ಅಚ್ಚಾಯಿತು. ಸಭೆಯ ಶಾಲೆ ನೋಡಲು ಹೋದಾಗ ಗೋಡೆಯ ಮೇಲಿನ ನಿಯಮಗಳ ಪಟ್ಟಿಯನ್ನು ಓದುವುದಕ್ಕಿಂತ, ತಪ್ಪು ಉತ್ತರ ಕೊಟ್ಟ ಮಗುವಿನ ಕಡೆ ಟೀಚರು ಹೇಗೆ ತಿರುಗುತ್ತಾರೆ ಎಂಬುದನ್ನು ಗಮನಿಸುವುದು ಲೇಸು.

ಸರ್ಕಾರಿ ಶಾಲೆಯಲ್ಲಿ ಉಳಿಯುವುದಾದರೆ

ಅಲ್ಲಿ ಉಳಿಯುವುದು ನಂಬಿಕೆಯನ್ನು ಬಿಟ್ಟಂತೆ ಎಂದು ಕೆಲವು ಸಭೆಗಳು ಹೇಳುತ್ತವೆ. ಅಷ್ಟು ಸರಳವಿಲ್ಲ. ಧ್ವಜವಂದನೆಯ ವಿಷಯ 1943ರಲ್ಲೇ ಇತ್ಯರ್ಥವಾಗಿದೆ. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು ಗೆದ್ದ ಬಾರ್ನೆಟ್ ಮೊಕದ್ದಮೆಯ ನಂತರ ಯಾವ ಮಗುವನ್ನೂ ವಂದನೆಗೆ ಬಲವಂತ ಮಾಡುವಂತಿಲ್ಲ. ಧರ್ಮಪಾಠಕ್ಕೆಂದು ಪೋಷಕರ ಕೋರಿಕೆಯ ಮೇರೆಗೆ ವರ್ಷಕ್ಕೆ 36 ಗಂಟೆಯವರೆಗೆ ಮಗುವನ್ನು ಶಾಲೆಯಿಂದ ಹೊರಗೆ ಕಳಿಸಲು ಪೆನ್ಸಿಲ್ವೇನಿಯಾ ಕಾನೂನು ಒಪ್ಪುತ್ತದೆ. ಹೆಚ್ಚಿನ ತಂದೆತಾಯಿಯರಿಗೆ ಈ ಅವಕಾಶ ಇರುವುದೇ ಗೊತ್ತಿರುವುದಿಲ್ಲ.

ಶಾಂತಿಯನ್ನು ವ್ರತವಾಗಿಟ್ಟುಕೊಂಡವರು ಮರೆಯಬಾರದ ಇನ್ನೊಂದು ಸಂಗತಿ ಹೈಸ್ಕೂಲಿನದು. ಸೈನ್ಯಕ್ಕೆ ಸೇರಿಸಿಕೊಳ್ಳುವ ಅಧಿಕಾರಿಗಳು ಕೇಳಿದರೆ ವಿದ್ಯಾರ್ಥಿಗಳ ಹೆಸರು, ವಿಳಾಸ, ದೂರವಾಣಿ ಸಂಖ್ಯೆಯನ್ನು ಶಾಲೆ ಕೊಡಲೇಬೇಕು. ಬೇಡವೆಂದು ಪೋಷಕರು ಬರೆದು ಕೊಟ್ಟರೆ ಮಾತ್ರ ತಡೆಯಬಹುದು. ವರ್ಷದ ಆರಂಭದಲ್ಲಿ ಕೊಡುವ ಕಾಗದಗಳ ಕಟ್ಟಿನಲ್ಲಿ ಇದು ಎಲ್ಲೋ ಒಂದು ಪುಟದಲ್ಲಿ ಇರುತ್ತದೆ.

ಸರ್ಕಾರಿ ಶಾಲೆಯ ಪರವಾಗಿ ನಾನು ಅತ್ಯಂತ ಒತ್ತಿ ಹೇಳುವುದು ವಿಶೇಷ ಅಗತ್ಯವಿರುವ ಮಕ್ಕಳ ವಿಷಯ. ಒಳಗೊಳಗೇ ಮದುವೆಯಾಗುವ ಸಮುದಾಯಗಳಲ್ಲಿ ಕೆಲವು ಆನುವಂಶಿಕ ಕಾಯಿಲೆಗಳು ಹೆಚ್ಚು. ಮೇಪಲ್ ಸಿರಪ್ ಕಾಯಿಲೆ ಎಂಬ ಚಯಾಪಚಯದ ತೊಂದರೆ ಹಳೆಯ ಕಟ್ಟಿನ ಮೆನೊನೈಟರಲ್ಲಿ ಸರಿಸುಮಾರು 380 ಹೆರಿಗೆಗೊಂದರಂತೆ ಕಾಣಿಸಿಕೊಳ್ಳುತ್ತದೆ. ಇಂಥ ಕಾಯಿಲೆಗಳಿಗೆಂದೇ ಲ್ಯಾಂಕಾಸ್ಟರ್ ಕೌಂಟಿಯ ಸ್ಟ್ರಾಸ್‌ಬರ್ಗಿನಲ್ಲಿ 1989ರಲ್ಲಿ ಮಕ್ಕಳ ವಿಶೇಷ ಚಿಕಿತ್ಸಾಲಯವೊಂದು ಹುಟ್ಟಿತು. ಕಾಯಿಲೆಯಿಂದಲೋ ಬೇರೆ ಕಾರಣದಿಂದಲೋ ಕಲಿಕೆ ನಿಧಾನವಾದ ಮಗುವಿಗೆ ಬೇಕಾದ ಪಾಠಯೋಜನೆ, ಮಾತಿನ ತರಬೇತಿ, ಸಹಾಯಕರನ್ನು ಉಚಿತವಾಗಿ ಕೇಳಿ ಪಡೆಯುವ ಹಕ್ಕು 1975ರ ಒಕ್ಕೂಟ ಕಾನೂನಿನಿಂದ ಸರ್ಕಾರಿ ಶಾಲೆಯಲ್ಲಿ ಸಿಗುತ್ತದೆ. ಸಭೆಯ ಶಾಲೆಯಲ್ಲಿ ಆ ಹಕ್ಕಿಲ್ಲ, ಒಳ್ಳೆಯ ಮನಸ್ಸು ಮಾತ್ರ ಇರುತ್ತದೆ. ರಾಜ್ಯದ ಕಾನೂನಿನಂತೆ ಪ್ರಾದೇಶಿಕ ಶಿಕ್ಷಣ ಘಟಕದವರು ಖಾಸಗಿ ಶಾಲೆಗಳಿಗೂ ಬಂದು ಓದಿನ ಪರಿಹಾರ ಪಾಠ, ಮಾತಿನ ತರಬೇತಿ ಕೊಡುತ್ತಾರೆ, ನಿಜ. ಆದರೆ ಕೆಲವು ಸಭೆಗಳು ಸರ್ಕಾರದ ನೆರವನ್ನು ತತ್ತ್ವಕ್ಕಾಗಿ ಬೇಡವೆನ್ನುತ್ತವೆ. ಸೇರಿಸುವ ಮೊದಲೇ ಮಂಡಳಿಯ ನಿಲುವನ್ನು ಕೇಳಿಟ್ಟುಕೊಳ್ಳಿ.

ಹಣ ಮತ್ತು ಬಸ್ಸು

ಹಣದ ಮಾತು ಚಿಕ್ಕದು. ಆಸ್ತಿ ತೆರಿಗೆಯ ಮೂಲಕ ಸರ್ಕಾರಿ ಶಾಲೆಯ ಖರ್ಚನ್ನು ಎಲ್ಲರೂ ಹೊರುತ್ತಾರೆ, ಮಗು ಅಲ್ಲಿ ಓದಲಿ ಬಿಡಲಿ. ಸಭೆಯ ಶಾಲೆಗಳಲ್ಲಿ ಹಲವು ತಲೆಗಿಷ್ಟು ಎಂದು ಶುಲ್ಕ ಹಾಕದೆ, ಮನೆಗಿಷ್ಟು ಎಂದೋ ಸಭೆಯ ಕಾಣಿಕೆಯಿಂದಲೋ ಸರಿದೂಗಿಸುತ್ತವೆ. ಎಂಟು ಮಕ್ಕಳಿರುವ ಮನೆಗೆ ಇದರಿಂದ ಬದುಕು ಸಾಧ್ಯವಾಗುತ್ತದೆ. ದೊಡ್ಡ ಮೆನೊನೈಟ್ ಶಾಲೆಗಳು ತಲೆಗೆ ಶುಲ್ಕ ಹಾಕುತ್ತವೆ, ಅದು ಗಣನೀಯ; ಆದರೆ 2001ರಿಂದ ಇರುವ ತೆರಿಗೆ ರಿಯಾಯಿತಿ ಯೋಜನೆಯಲ್ಲಿ ಕಂಪನಿಗಳು ಕೊಟ್ಟ ಹಣದಿಂದ ವಿದ್ಯಾರ್ಥಿವೇತನ ಸಿಗುವ ಸಾಧ್ಯತೆ ಇದೆ. ತನ್ನ ಮಕ್ಕಳಿಗೆ ಬಸ್ಸು ಓಡಿಸುವ ಶಾಲಾ ಜಿಲ್ಲೆ (ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ), ತನ್ನ ಗಡಿಯಿಂದ ಹತ್ತು ಮೈಲಿಯೊಳಗಿನ ಖಾಸಗಿ ಶಾಲೆಯ ಮಕ್ಕಳನ್ನೂ ಕರೆದೊಯ್ಯಬೇಕೆಂದು 1972ರ ಕಾನೂನು ಹೇಳುತ್ತದೆ.

ಮನೆಯಲ್ಲೇ ಓದಿಸುವವರಿಗೆ ಎದುರಾಗುವ ಒಂದು ಅಡ್ಡಿ

1988ರ ಕಾನೂನಿನಂತೆ ಮನೆಯಲ್ಲಿ ಓದಿಸಬಹುದು. ಪ್ರತಿವರ್ಷ ಸಹಿ ಮಾಡಿ ಕೊಡುವ ಹೇಳಿಕೆ, 3, 5 ಮತ್ತು 8ನೆಯ ತರಗತಿಗಳಲ್ಲಿ ಪ್ರಮಾಣಿತ ಪರೀಕ್ಷೆ, ಮಗುವಿನ ಕೆಲಸಗಳ ಕಡತ, ವರ್ಷದ ಕೊನೆಗೆ ಅರ್ಹ ಮೌಲ್ಯಮಾಪಕರ ಪತ್ರ ಬೇಕು. ಪುಸ್ತಕಗಳಿಗೆ ಕೊರತೆಯಿಲ್ಲ, ಕ್ರಿಶ್ಚಿಯನ್ ಲೈಟ್ ಮನೆಗಳಿಗೂ ಮಾರುತ್ತದೆ. ಮಗುವಿಗೆ ಆಟದ ತಂಡ ಬೇಕೆಂದರೆ 2005ರ ತಿದ್ದುಪಡಿಯಿಂದ ಸ್ಥಳೀಯ ಸರ್ಕಾರಿ ಶಾಲೆಯ ತಂಡಕ್ಕೆ ಸೇರಬಹುದು. ಅಡ್ಡಿ ಬೇರೆಡೆ ಇದೆ: ಮೇಲ್ವಿಚಾರಣೆ ಮಾಡುವ ತಂದೆ ಅಥವಾ ತಾಯಿಯ ಬಳಿ ಹೈಸ್ಕೂಲಿನ ಡಿಪ್ಲೊಮಾ ಅಥವಾ ಅದಕ್ಕೆ ಸಮನಾದದ್ದು ಇರಲೇಬೇಕು. ಎಂಟನೆಯ ತರಗತಿಗೆ ಶಾಲೆ ಮುಗಿಸಿದ ತಾಯಿ ಎಷ್ಟೇ ಬುದ್ಧಿವಂತೆಯಾಗಿದ್ದರೂ, ಜಿಇಡಿ ಪಾಸು ಮಾಡುವವರೆಗೆ ತನ್ನ ಮಗುವಿಗೆ ಈ ಕಾನೂನಿನಡಿ ಪಾಠ ಹೇಳುವಂತಿಲ್ಲ. ಒಂದು ತಲೆಮಾರು ಎಂಟಕ್ಕೆ ನಿಂತರೆ ಮುಂದಿನ ತಲೆಮಾರಿಗೆ ಒಂದು ದಾರಿ ಮುಚ್ಚುತ್ತದೆ ಎಂಬುದು ಶಾಲೆ ಆರಿಸುವ ದಿನ ಯಾರ ತಲೆಗೂ ಬರುವುದಿಲ್ಲ.

ಅಕ್ಕಪಕ್ಕದ ಕನ್ನಡದ ಮನೆಗಳಿಗೆ

ಹ್ಯಾರಿಸ್‌ಬರ್ಗ್, ಲ್ಯಾಂಕಾಸ್ಟರ್ ಸುತ್ತ ನೆಲೆಸಿರುವ ಕನ್ನಡಿಗರು ಸಣ್ಣ ತರಗತಿ, ಸಭ್ಯ ವಾತಾವರಣ, ಮೊಬೈಲಿಲ್ಲದ ಬಾಲ್ಯ ಎಂದು ಇಂಥ ಶಾಲೆಗಳತ್ತ ಆಸೆಯಿಂದ ನೋಡುವುದು ಸಹಜ. ಹೊಲದ ನಡುವಿನ ಸಭೆಯ ಶಾಲೆ ಅವರಿಗಾಗಿ ಇರುವುದಲ್ಲ. ಅದು ಸಭೆಯ ಮಕ್ಕಳನ್ನು ಸಭೆಗೇ ಬೆಳೆಸಲು ಇರುವ ಶಾಲೆ. ಹೊರಗಿನವರನ್ನು ಅಪರೂಪಕ್ಕೆ ಸೇರಿಸಿಕೊಂಡರೂ ಉಡುಪು, ಮನೆಯಲ್ಲಿನ ದೂರದರ್ಶನ, ಭಾನುವಾರದ ನಡವಳಿಕೆ ಎಲ್ಲಕ್ಕೂ ಒಪ್ಪಿಗೆ ಕೇಳುತ್ತದೆ, ಕೇಳುವುದರಲ್ಲಿ ತಪ್ಪೂ ಇಲ್ಲ. ಲ್ಯಾಂಕಾಸ್ಟರ್ ಮೆನೊನೈಟ್‌ನಂಥ ದೊಡ್ಡ ಶಾಲೆಗಳ ಮಾತು ಬೇರೆ. ಬೇರೆ ಮತದ, ಬೇರೆ ದೇಶಗಳ ಮಕ್ಕಳೂ ಅಲ್ಲಿ ಓದುತ್ತಾರೆ. ಬೈಬಲ್ ತರಗತಿಯೂ ಪ್ರಾರ್ಥನಾ ಸಭೆಯೂ ದಿನದ ಭಾಗ ಎಂದು ತಿಳಿದು, ಅದಕ್ಕೆ ಮನೆಯಲ್ಲಿ ಒಪ್ಪಿಗೆಯಿದ್ದರೆ ಸೇರಿಸಬಹುದು. ಸೇರಿಸಿದ ಮೇಲೆ ಆ ಪಾಠದಿಂದ ಮಗುವನ್ನು ಬಿಡಿಸಿ ಎಂದು ಕೇಳುವುದು ಸಲ್ಲ.

ಭೇಟಿಗೆ ಹೋಗುವುದಾದರೆ ವಸಂತದಲ್ಲಿ, ಪಾಠ ನಡೆಯುವ ದಿನ ಹೋಗಿ. ಎರಡು ಗಂಟೆ ಹಿಂದಿನ ಬೆಂಚಿನಲ್ಲಿ ಕೂರಲು ಅನುಮತಿ ಕೇಳಿ. ಈಗಿನ ಟೀಚರು ಎಷ್ಟನೆಯ ವರ್ಷದಲ್ಲಿದ್ದಾರೆ, ಅವರಿಗಿಂತ ಮೊದಲಿದ್ದವರು ಎಷ್ಟು ವರ್ಷ ಇದ್ದರು, ಕಳೆದ ಕೆಲವು ವರ್ಷಗಳಲ್ಲಿ ಕೊನೆಯ ತರಗತಿ ಮುಗಿಸಿದ ಮಕ್ಕಳು ಈಗ ಏನು ಮಾಡುತ್ತಿದ್ದಾರೆ ಎಂದು ಕೇಳಿ. ಸಣ್ಣ ಶಾಲೆಯಾದ್ದರಿಂದ ಒಬ್ಬೊಬ್ಬರ ಬಗ್ಗೆಯೂ ಉತ್ತರ ಸಿಗಬೇಕು. ಖಾಸಗಿ ಶಾಲೆಗೆ ಬಸ್ಸು ಬೇಕಿದ್ದರೆ ನಿಮ್ಮ ಶಾಲಾ ಜಿಲ್ಲೆಯ ಕಚೇರಿಗೆ ಬೇಸಿಗೆಗೆ ಮೊದಲೇ ಅರ್ಜಿ ಕೊಡಿ. ಮನೆಯಲ್ಲೇ ಓದಿಸುವುದೆಂದು ನಿಶ್ಚಯಿಸಿದರೆ ಮೊದಲ ವರ್ಷದ ಹೇಳಿಕೆಯನ್ನು ಪಾಠ ಆರಂಭಿಸುವ ಮುನ್ನವೂ, ಮುಂದಿನ ವರ್ಷಗಳಲ್ಲಿ ಆಗಸ್ಟ್ 1ರೊಳಗೂ ಸಲ್ಲಿಸಬೇಕು.